ಡಾಕ್ಟರ ಕೋಟಿನ ಬಸವನಹುಳು

ನನ್ನ ಸೊಸೆಗೆ,

ನಿನ್ನ ಅತ್ತೆ ಬರೆಯುತ್ತಿರುವುದು. ಕ್ಷೇಮವೇ ಎಂದು ಕೇಳುವುದಿಲ್ಲ. ಅಕ್ಕನ ಮನೆಯಲ್ಲಿರುವವಳು ಕ್ಷೇಮವಾಗಿಯೇ ಇರುತ್ತಾಳೆ. ಇದನ್ನು ಕ್ಷಮಾಪಣೆಯ ಪತ್ರ ಅಂದುಕೊಳ್ಳಬೇಡ. ಹಾಗಾದರೆ ಏನು ಪತ್ರ ಎಂದರೆ ನನಗೂ ಗೊತ್ತಿಲ್ಲ. ಮೂರು ದಿನದಿಂದ ಒಂದು ವಿಷಯ ತಲೆಗೆ ಹೊಕ್ಕು ಕೂತಿದೆ. ನಿನ್ನ ಗಂಡನ ಹತ್ತಿರ ಹೇಳೋಣ ಎಂದರೆ ಅವನು ಬಾಯಲ್ಲಿ ಅಂಗಿಯ ಗುಂಡಿ ಇಟ್ಟುಕೊಂಡವನ ಹಾಗೆ ‘ಹ್ಞೂಂ’ ಎನ್ನುತ್ತಾನೆ, ಅಷ್ಟೇ.

ನೀನು ಹೋಗಿ ಹನ್ನೆರಡು ದಿನವಾಯಿತು. ಆ ದಿನ ಮಕ್ಕಳ ಡಾಕ್ಟರು ನಮ್ಮ ಲಾಂಡ್ರಿಯ ಕೌಂಟರಿಗೆ ಕೋಟು ಬಡಿದು ಕೂಗಿದ್ದು ನಿನಗೆ ಮರೆತಿರಲಾರದು. “ಏನಮ್ಮಾ ಇದು? ನಾನೇನು ಬಸವನಹುಳುವಾ?” ಕಾಲರಿನ ಒಳಗೆ, ನೂರ ಹದಿನಾಲ್ಕು ಎಂಬ ನಂಬರ್ ಇರಬೇಕಾದ ಜಾಗದಲ್ಲಿ, ಕೆಂಪು ದಾರದ ಬಸವನಹುಳು. ಅದಕ್ಕೆ ಎರಡು ಕೊಂಬು ಬೇರೆ. ಆತ ರೋಗಿಗಳನ್ನು ಕಾಯಿಸುತ್ತಾನೆ ಎಂಬುದು ಊರಿಗೇ ಗೊತ್ತು. ಊರಿಗೆ ಗೊತ್ತಿರುವುದನ್ನೆಲ್ಲ ಕಾಲರಿಗೆ ಹೊಲಿಯುತ್ತಾರೆಯೇ? ಒಳಗೆ ಹೋಗಿ ನೋಡಿದರೆ ಹಲ್ಲಿನ ಡಾಕ್ಟರಿಗೆ ಇಕ್ಕಳ, ಟೀಚರಿಗೆ ಕೊಡೆ, ಬೇಕರಿಯವನಿಗೆ ಮೀಸೆ. ನಂಬರ್ ಹಾಕು ಎಂದು ನಿನಗೆ ಸೂಜಿ ಕೊಟ್ಟು ಮೂರೇ ತಿಂಗಳಾಗಿತ್ತು. ಕೆಲಸದವರೆಲ್ಲರ ಎದುರಿಗೆ, “ನಿನ್ನ ಕೈಗೆ ಸೂಜಿ ಕೊಟ್ಟದ್ದೇ ನನ್ನ ತಪ್ಪು, ಇದು ದುಡಿಯುವ ಜಾಗ, ಆಟದ ಅಂಗಳ ಅಲ್ಲ” ಎಂದೆ. ನೀನು ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು, “ಆಯ್ತು ಅತ್ತೆ. ಇನ್ಮೇಲೆ ನಂಬರ್ ನೀವೇ ಹಾಕ್ಕೊಳ್ಳಿ” ಎಂದು ಏಪ್ರನ್ ಬಿಚ್ಚಿ ಹೊರಟೆ. ನಾನು ತಡೆಯಲಿಲ್ಲ. ನಾನು ಯಾರನ್ನೂ ತಡೆದವಳಲ್ಲ.

ಹಾಕಿಕೊಂಡೆ. ಇಕ್ಕಳ ಬಿಚ್ಚಿದೆ, ಕೊಡೆ ಬಿಚ್ಚಿದೆ, ಮೀಸೆ ಬೋಳಿಸಿದೆ. ಡಾಕ್ಟರ ಕೋಟು ಮತ್ತೆ ಒಗೆಯಲು ಬಂದಾಗ ಬಸವನಹುಳುವನ್ನೂ ಕಿತ್ತು ನಂಬರ್ ಹಾಕಿದೆ. ಮೂರು ದಿನದ ಹಿಂದೆ ಆತ ಹಲ್ಲಿನ ಡಾಕ್ಟರ ಕೋಟು ತೊಟ್ಟುಕೊಂಡೇ ಬಂದು ನಿಂತ. “ನೋಡಮ್ಮಾ, ಇದರೊಳಗೆ ನನ್ನಂಥವರು ಇಬ್ಬರು ಹಿಡಿಸ್ತಾರೆ.” ನೂರ ಹದಿನಾಲ್ಕು, ನೂರ ನಲವತ್ತೊಂದು. ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಂಡಿವೆ. ಹುಳು ಇದ್ದ ಮೂರು ತಿಂಗಳಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ. ಹೊರಡುವಾಗ ಆತ ದನಿ ತಗ್ಗಿಸಿ, “ಆ ಹುಳು ಏನಾಯ್ತಮ್ಮಾ? ಕಾಲರ್ ತಿರುಗಿಸಿ ತೋರಿಸಿದ್ರೆ ಮಕ್ಕಳು ಅಳು ನಿಲ್ಲಿಸ್ತಿದ್ವು” ಎಂದ. ಅವತ್ತು ಕೂಗಿದ ಬಾಯೇ ಇದು!

ಹುಳು ಸಾಕಲು ಇದೇನು ತೋಟವೇ ಎಂದು ನಾನು ಗೊಣಗಿದೆ. ಇಸ್ತ್ರಿಯ ಮುದುಕ, ನೀನು ‘ಹಬೆರಾಯ’ ಎಂದು ಹೆಸರಿಟ್ಟಿರುವವನು, ಪೆಟ್ಟಿಗೆ ಕೆಳಗಿಟ್ಟು ನಕ್ಕ. “ದೊಡ್ಡಮ್ಮ, ತೆರಿಗೆ ಆಫೀಸಿನ ಗುಮಾಸ್ತನಿಗೆ ನೀವು ಹಾವು ಹಾಕಿದ್ದು ಮರೆತೇಬಿಟ್ರಾ?” ಯಾವ ಹಾವು, ನಿನಗೆ ಅರಳುಮರಳು ಎಂದು ಬೈದೆ. ಅವನು ಸ್ಟೂಲು ಹತ್ತಿ, ಬೀರುವಿನ ಮೇಲಿಂದ ಹಳೆಯ ಗುರುತಿನ ಪುಸ್ತಕ ಇಳಿಸಿ ಕೊಟ್ಟ.

ಅಕ್ಷರ ನನ್ನದೇ. ನಾನು ಈ ಮನೆಗೆ ಬಂದ ವರ್ಷದ್ದು. ತೆರಿಗೆಯವನ ಹೆಸರಿನ ಮುಂದೆ ನಿಜವಾಗಿಯೂ ಹಾವು ಇದೆ ಕಣೇ, ಹೆಡೆ ಎತ್ತಿಕೊಂಡು. ಉದ್ದನೆಯ ಪೋಸ್ಟ್‌ಮ್ಯಾನಿಗೆ ಏಣಿ. ಸದಾ ಜಗಳವಾಡುತ್ತಿದ್ದ ಅಕ್ಕತಂಗಿಯರಿಗೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಬಾಚಣಿಗೆ. ಹೆಂಡತಿ ಸತ್ತ ಮೇಲೆ ಒಂದೇ ಒಂದು ದಿಂಬಿನ ಚೀಲ ತರುತ್ತಿದ್ದ ಒಬ್ಬರಿಗೆ ಅರ್ಧ ಚಂದ್ರ. ಹೀಗೆ ನಲವತ್ತು ಪುಟ. ನಲವತ್ತೊಂದನೇ ಪುಟದಿಂದ ಬರೀ ನಂಬರ್.

ಯಾರೋ ಬೈದಿರಬೇಕು, ಅದಕ್ಕೇ ಬಿಟ್ಟಿರಬೇಕು ಎಂದುಕೊಂಡೆ. ನನ್ನ ಅತ್ತೆಯೇ? ಆಕೆಗೆ ಕಣ್ಣು ಮಂಜು. “ಏನಾದ್ರೂ ಹಾಕು, ಬಟ್ಟೆ ಸಿಕ್ಕಿದ್ರೆ ಸಾಕು” ಎನ್ನುತ್ತಿದ್ದರು. ನಿನ್ನ ಮಾವನೇ? ಅವರು, “ನನಗೇನು ಗುರುತು ಹಾಕ್ತೀಯೇ?” ಎಂದು ಹಲ್ಲು ಕಿರಿಯುತ್ತಿದ್ದರು. ಮನೆಯವರ ಬಟ್ಟೆಗೆ ಗುರುತು ಹಾಕುವ ರೂಢಿಯಿಲ್ಲ ಎಂದು ನಾನೇ ಅವರ ಬಾಯಿ ಮುಚ್ಚಿಸಿದ್ದೆ. ಆ ಪುಟದ ಹೊತ್ತಿಗೆ ನನಗೆ ಕಾಯಿಲೆ ಇರಲಿಲ್ಲ, ಮಗು ಹುಟ್ಟಿರಲಿಲ್ಲ, ಯಾರೂ ಸತ್ತಿರಲಿಲ್ಲ. ತಪ್ಪು ಹೊರಿಸೋಣ ಎಂದರೆ ಒಬ್ಬರೂ ಸಿಗುತ್ತಿಲ್ಲ. ನಾನೇ ಬಿಟ್ಟಿದ್ದೇನೆ. ಯಾಕೆ ಎಂದು ನನಗೇ ಗೊತ್ತಿಲ್ಲ.

ಅದಕ್ಕಿಂತ ದೊಡ್ಡ ಗೋಜಲು ಇನ್ನೊಂದು. ಆ ದಿನಗಳ ಹಬೆ ನೆನಪಿದೆ, ಸೋಪಿನ ನೀರಿಗೆ ಒಡೆದ ಹಿಮ್ಮಡಿ ನೆನಪಿದೆ, ಯಾರ ಬಟ್ಟೆಯಲ್ಲಿ ಯಾವ ಕಲೆ ಇತ್ತು ಎಂದು ಈಗಲೂ ಹೇಳಬಲ್ಲೆ. ಹಾವಿಗೆ ಹೆಡೆ ಬಿಡಿಸಿದ್ದು ಮಾತ್ರ ನೆನಪಿಗೆ ಬರುತ್ತಿಲ್ಲ. ಆಗ ನಾನು ನಕ್ಕಿದ್ದೆನೋ ಇಲ್ಲವೋ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಿನ್ನ ಕಾಲ ಒಮ್ಮೆ ನನ್ನದೂ ಆಗಿತ್ತು ಎಂದು ಯಾರೂ ನನಗೆ ನೆನಪಿಸಿರಲಿಲ್ಲ.

ಇನ್ನೊಂದನ್ನು ಹೇಳುತ್ತೇನೆ, ನಗಬೇಡ. ಮೂರು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಹರಿದ ಚಾದರದ ತುಂಡಿನ ಮೇಲೆ ನಿನಗೆ ಯಾವ ಗುರುತು ಸರಿಹೋಗುತ್ತದೆ ಎಂದು ಹೊಲಿದು ನೋಡಿದೆ. ಗುಬ್ಬಿ ಹೊಲಿದೆ. ಹಬೆರಾಯ ಕಿಟಕಿಯಲ್ಲಿ ಇಣುಕಿ, “ಚಪ್ಪಲಿ ಚೆನ್ನಾಗಿದೆ ದೊಡ್ಡಮ್ಮ” ಎಂದ. ಬಿಚ್ಚಿ ಮತ್ತೆ ಹೊಲಿದೆ. ಈಗ ಅದು ಚಪ್ಪಲಿಯೂ ಅಲ್ಲ, ಗುಬ್ಬಿಯೂ ಅಲ್ಲ. ನಿನ್ನೆ ಅದರಲ್ಲೇ ಮುಳುಗಿದ್ದಾಗ ಒಲೆಯ ಮೇಲಿನ ಹಾಲು ಪೂರ್ತಿ ಉಕ್ಕಿಹೋಯಿತು. ನನ್ನ ಒಲೆಯಲ್ಲಿ ಹಾಲು ಉಕ್ಕಿದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ? ಒರೆಸುವಾಗ ನನಗೆ ಬೇಜಾರೇ ಆಗಲಿಲ್ಲ. ಅದೇ ನನಗೆ ಭಯ. ಈ ವಯಸ್ಸಿನಲ್ಲಿ ಇದೇನು, ರೋಗವೋ ಮತ್ತೇನೋ? ನೀನು ಬಸವನಹುಳು ಹೊಲಿಯುವಾಗಲೂ ಹೀಗೇ ಆಗುತ್ತಿತ್ತೇ? ಕೇಳಲು ಬೇರೆ ಯಾರೂ ಇಲ್ಲ. ಆ ತುಂಡನ್ನು ಪತ್ರದ ಜೊತೆ ಮಡಿಸಿಟ್ಟಿದ್ದೇನೆ. ಅದೇನು ಎಂದು ನೋಡಿ ಹೇಳು.

ಎಲ್ಲರ ಎದುರಿಗೆ ಅಂದದ್ದು ತಪ್ಪು. ಅಂದ ಮಾತು ತಪ್ಪೋ ಅಲ್ಲವೋ, ಅದು ಇನ್ನೂ ನನಗೆ ಬಗೆಹರಿದಿಲ್ಲ.

ಇವತ್ತು ಬೆಳಿಗ್ಗೆ ಹೊಸದಾಗಿ ಸೇರಿದ ಕೆಲಸದವಳು ನಿನ್ನ ಏಪ್ರನ್ನನ್ನು ಬಾಗಿಲ ಪಕ್ಕದ ಹಲಗೆಯ ಮೇಲೆ ಇಟ್ಟಿದ್ದಳು. ವಾರಸುದಾರರಿಲ್ಲದ ಬಟ್ಟೆ ಇಡುತ್ತೇವಲ್ಲ, ಆರು ತಿಂಗಳು ಯಾರೂ ಕೇಳದಿದ್ದರೆ ನೆಲ ಒರೆಸಲು ಹೋಗುತ್ತದಲ್ಲ, ಅಲ್ಲಿ. “ಗುರುತೇ ಇಲ್ಲ ದೊಡ್ಡಮ್ಮ, ಯಾರದ್ದೋ ಏನೋ” ಎಂದಳು. ನಾನು ಅದನ್ನು ತೆಗೆದು, ಕೊಡವಿ, ನನ್ನ ಏಪ್ರನ್ನಿನ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಕೆಂಪು ದಾರ ಕೈಯಲ್ಲೇ ಇತ್ತು. ಆದರೂ ಗುರುತು ಹಾಕಲಿಲ್ಲ. ಮನೆಯವರ ಬಟ್ಟೆಗೆ ಹಾಕುವ ರೂಢಿಯಿಲ್ಲ.

ಡಾಕ್ಟರ ಕೋಟು ಗುರುವಾರ ಒಗೆಯಲು ಬರುತ್ತದೆ. ಹುಳುವಿನ ಆ ಕೊಂಬು ನನ್ನ ಕೈಗೆ ಬರುವುದಿಲ್ಲ.

ನಿನ್ನ ಬೆರಳಿಗೆ ಸೂಜಿ ಚುಚ್ಚದಿರಲಿ, ದಾರ ಗಂಟಾಗದಿರಲಿ.

ಇಂತಿ,
ನಿನ್ನ ಅತ್ತೆ