ಗೋಡೆಯ ಮೇಲಿದ್ದ ಗೃಹಸ್ಥ

ರೆಡ್‌ವುಡ್ ಸಿಟಿ
ಅಕ್ಟೋಬರ್ 1986

ಪೂಜ್ಯ ಅತ್ತೆಯವರಿಗೆ ಕಿರಿಯ ಅಳಿಯನ ನಮಸ್ಕಾರಗಳು.

ಫೋನು ಮಾಡಿದರೆ ನೀವು ವಸುಧಾ ಅತ್ತಿಗೆಯ ಕೈಗೆ ಕೊಟ್ಟುಬಿಡುತ್ತೀರಿ. ಹಾಗಾಗಿ ಫ್ರೀಮಾಂಟಿಗೆ ಈ ಪತ್ರ.

ತಪ್ಪು ನಿಮ್ಮದಲ್ಲ. ಆಯುಧಪೂಜೆಯ ದಿನ ಟೀವಿಗೂ ಕಾರಿಗೂ ಕುಂಕುಮ ಇಟ್ಟವರು, ಗೋಡೆಯ ಮೇಲೆ ಚೌಕಟ್ಟಿನಲ್ಲಿದ್ದ ಗೃಹಸ್ಥನನ್ನು ಹೇಗೆ ಬಿಟ್ಟೀರಿ? "ಮನೆ ಓನರ್ ಮುತ್ತಾತ ಇರ್ಬೇಕು, ಪಾಪ" ಎಂದು ಹೂವನ್ನೂ ಏರಿಸಿದಿರಿ. ಅವನು ಲಂಡನ್ನಿನಲ್ಲಿ ಇಬ್ಬರನ್ನು ಕೊಂದು ನೇಣಿಗೇರಿದವನು, ಅದು ಅವನ ಚಿತ್ರ, ಕಥೆ ಅಚ್ಚುಹಾಕಿ ಗಲ್ಲುಗಂಬದ ಸುತ್ತ ನೆರೆದ ಜನರಿಗೆ ಅಂದು ಮಾರಿದ ಹಾಳೆ, ಇಂಥ ಅಪರೂಪದ ಹಾಳೆಗಳನ್ನು ಕೂಡಿಡುವುದೇ ನನ್ನ ಹವ್ಯಾಸ ಎಂದು ನಾನು ಹೆಮ್ಮೆಯಿಂದ ವಿವರಿಸಬಾರದಿತ್ತು. ತುಂಬು ಬಸುರಿಯ ಮನೆಯಲ್ಲಿ ಕೊಲೆಗಾರನಿಗೆ ಪೂಜೆಯಾಯಿತೆಂದು ನೀವು ಅಂದೇ ಹಿರಿಯ ಮಗಳ ಮನೆಗೆ ಹೊರಟುಬಿಟ್ಟಿರಿ.

ಈಗ ನನ್ನ ಸಂಗ್ರಹದ ಮಹನೀಯರೆಲ್ಲ ಕಾರಿನ ಡಿಕ್ಕಿಯಲ್ಲಿದ್ದಾರೆ. ಗೋಡೆಯಲ್ಲಿ ಮೊಳೆಗಳಷ್ಟೇ ಉಳಿದಿವೆ.

ಆದರೆ ಇಳಿಸುವಾಗ ನಿಮ್ಮ ಮಗಳು ಆ ಹಾಳೆಯನ್ನು ಕೊನೆಯವರೆಗೂ ಓದಿದಳು. ಸಾಯುವ ಮುನ್ನ ಅವನು ತಾಯಿಯನ್ನು ನೋಡಬೇಕೆಂದನಂತೆ. ಆಕೆ ಬರಲಿಲ್ಲವಂತೆ.

"ನಮ್ಮಮ್ಮನೂ ಬರಲ್ಲ ಅಲ್ವೇನ್ರೀ?" ಎಂದು ಕೇಳಿದಳು. ಆಮೇಲೆ ಸರಿಯಾಗಿ ಊಟ ಮಾಡುತ್ತಿಲ್ಲ. ಬಿ.ಪಿ. ಏರಿದೆ ಎಂದು ಡಾಕ್ಟರು ಗದರಿಸಿದ್ದಾರೆ.

ನಿಮ್ಮ ಮೆಂತ್ಯದ ಹಿಟ್ಟಿನ ಡಬ್ಬಿ ಅಲ್ಲೇ ಇದ್ದರೆ ಮರೆಯದೆ ತನ್ನಿ. ಶನಿವಾರ ಕಾರು ತರುತ್ತೇನೆ, ಡಿಕ್ಕಿಯನ್ನು ಖಾಲಿ ಮಾಡಿಕೊಂಡೇ ತರುತ್ತೇನೆ. ನೀವು ಬರುತ್ತೀರೆಂದು ಅವಳಿಗೆ ಹೇಳಿಬಿಟ್ಟಿದ್ದೇನೆ. ಅದನ್ನು ಕೇಳಿ ಅರ್ಧ ಚಪಾತಿ ತಿಂದಳು.

ತೀರ್ಪಿಗೆ ಕಾದಿರುವ ಅಳಿಯ,
ವ್ಯಾಸರಾಜ