ರೂಮಲ್ಲಿ ಎಷ್ಟು ಜನ

ಗುಲ್ಷನ್ ಆಂಟಿಗೆ,

ನಾಲ್ಕು ಜನ ಇಲ್ಲ ಆಂಟಿ, ನಾನೊಬ್ನೇ ಇರೋದು. "ಒಬ್ನಿಗೆ ಅಂತ ರೂಮ್ ಕೊಟ್ರೆ ಪೂರಾ ಮದ್ವೆ ಬಾರಾತ್ ತಂದು ಇಟ್ಕೊಂಡಿದೀಯಾ, ಖಾಲಿ ಮಾಡು" ಅಂತ ಮೆಟ್ಲ ಮೇಲೆ ಬೈದ್ರಲ್ಲ, ಅದಕ್ಕೇ ಬರೀತಿದೀನಿ, ನಿಮ್ಮ ಮಗಳು ಮಹೀನ್ ಹತ್ರ ಓದಿಸ್ಕೊಳ್ಳಿ.

ನಾನು ರಾಜ, ರಾಣಿ, ಮಾಯಾಮಂತ್ರದ ಕಥೆ ಬರೀತೀನಿ. ನಾನೇ ಬುಕ್ ಮಾಡಿ ಆನ್‌ಲೈನಲ್ಲಿ ಹಾಕ್ತೀನಿ. ನನ್ನ ಟೈಪಿಂಗ್ ನಿಧಾನ, ಅದಕ್ಕೆ ಬಾಯಲ್ಲಿ ಹೇಳ್ತೀನಿ, ಫೋನ್ ಬರ್ಕೊಳತ್ತೆ. ನಿಮಗೆ ಕೆಳಗೆ ಕೇಳ್ಸೋ ಗದರೋನು ಕಥೇಲಿ ಮಂತ್ರವಾದಿ. ಕೆಮ್ಮೋ ಮುದುಕ ಡ್ರ್ಯಾಗನ್ ಕಾಯೋನು. ಎಲ್ಲಾ ನನ್ನ ದನೀನೇ.

ಭಾನುವಾರ ಮಧ್ಯಾಹ್ನ ಹೆಂಗಸು ಅಳ್ತಿದ್ಳು ಅಂದ್ರಲ್ಲ, ಅವಳು ರಾಣಿ. ಸೈನ್ಯ ಎಲ್ಲಾ ಬಿಟ್ಟೋಗಿ ಕೋಟೇಲಿ ಒಬ್ಳೇ ಉಳೀತಾಳೆ. ಅಳೋದು ಫೋನಲ್ಲಿ ಟೈಪ್ ಆಗಲ್ಲ ಆಂಟಿ. ಬುಕ್ಕಿಗೆ ಅದು ಬೇಕಾಗೂ ಇರ್ಲಿಲ್ಲ. ಸುಮ್ನೆ ಬಂತು.

ಖಾಲಿ ಮಾಡಿಸ್ಬೇಡಿ. ಶಿವಾಜಿನಗರದಲ್ಲಿ ನನ್ನ ಸಂಬಳಕ್ಕೆ ಸಿಗೋದೆಲ್ಲಾ ಶೇರಿಂಗ್ ರೂಮೇ. ಪಕ್ಕದಲ್ಲಿ ಜನ ಇದ್ರೆ ಈ ರಾಣಿ, ಮಂತ್ರವಾದಿ ಯಾರೂ ಮಾತಾಡಲ್ಲ.

ನೀವೇ ಒಳಗೆ ಹೋಗಿ ನೋಡಿ. ಒಂದು ಚಾಪೆ, ಒಂದು ತಟ್ಟೆ ಇದೆ. ಇದನ್ನ ನಿಮ್ಮ ಬಾಗ್ಲ ಕೆಳಗೆ ತೂರಿಸಿ ಕೆಲಸಕ್ಕೆ ಹೊರಡ್ತೀನಿ. ನನ್ನ ಬಾಗ್ಲು ಬರೀ ಎಳ್ಕೊಂಡು ಹೋಗ್ತಿದೀನಿ, ಬೀಗ ಹಾಕಲ್ಲ.

ಮೇಲಿನ ರೂಮಿನ
ದುರ್ಗೇಶ