ಹಬ್ಬದ ಚೀಟಿ

ಕುರ್ಚಿ ಕಾರ್ಖಾನೆಯ ಮೇಲಿನ ಕೋಣೆ
೨೭ನೇ ತಾರೀಖು, ಭಾನುವಾರ

ಪ್ರೀತಿಯ ಗುಬ್ಬೀ,

ಈ ಊರಿನ ಮೇಯರ್ ನನ್ನನ್ನೊಂದು ಮಾತು ಕೇಳದೆ ಹಬ್ಬದ ದಿನ ಗೊತ್ತುಮಾಡುವುದಿಲ್ಲ, ತಿಳಿದಿರಲಿ. ನಿನ್ನ ಕೆಮ್ಮು ಹೇಗಿದೆ? ಅಕ್ಕನ ಮಂಡಿನೋವು? ಭಾವ ಈಗಲೂ ಊಟಕ್ಕೆ ಕೂತಾಗ ನನ್ನನ್ನು ಬೈಯುತ್ತಾರೆ ತಾನೆ? ಬೈಯಲಿ, ಜೀರ್ಣಕ್ಕೆ ಒಳ್ಳೆಯದು. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಇವರ ಹಬ್ಬ ಮಾತ್ರ ನನಗಿನ್ನೂ ಅರ್ಥವಾಗಿಲ್ಲ. ಹೋದ ವಾರ ಮೇಸ್ತ್ರಿ ಒಂದು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದ. ಇಲ್ಲಿ ನಮ್ಮ ಭಾಷೆ ಬಲ್ಲವನು ಲಾರಿ ಡ್ರೈವರ್ ಒಬ್ಬನೇ. ಅವನು, “ಅಣ್ಣಾ, ಹಬ್ಬಕ್ಕೆ ಎಲ್ರೂ ಚೀಟಿ ಎತ್ತಬೇಕಂತೆ. ಯಾರ ಹೆಸ್ರು ಬರತ್ತೋ ಅವ್ರಿಗೆ ಕೊಡ್ಬೇಕು. ಕೊಟ್ಟಿದ್ದು ಯಾರು ಅಂತ ಬಾಯಿ ಬಿಡಬಾರ್ದು” ಅಂದ. ಚೀಟಿ! ಊರಲ್ಲಿ ಆರು ಚೀಟಿ ನಡೆಸಿದವನಿಗೆ ಇವನು ಹೇಳಿಕೊಡುವುದೇ? ಗುಟ್ಟು ಯಾಕೆಂದೂ ನನಗೆ ಗೊತ್ತು, ಪೊಲೀಸರ ಭಯ. ಈಗ ದೊಡ್ಡ ಕಂತು ಕಟ್ಟಿದರೆ ಮುಂದೆ ಇಡುಗಂಟು ನನ್ನದೇ, ನಿನಗೆ ಒಂದಲ್ಲ ಎರಡು ಹೊಲಿಗೆ ಮಿಷನ್ ಎಂದು ಲೆಕ್ಕ ಹಾಕಿದೆ. ನನಗೆ ಬಂದದ್ದು ಕಸ ಗುಡಿಸುವ ಅಜ್ಜಿಯ ಹೆಸರು. ನಿನ್ನ ಮಿಷನ್ನಿಗೆಂದು ಕೂಡಿಟ್ಟಿದ್ದರಲ್ಲಿ ಒಂಚೂರು, ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿ ಅನ್ನು, ಕವರಿಗೆ ತುಂಬಿ, ಅವಳ ಹೆಸರು ಬರೆಸಿ ಮೇಜಿನ ಮೇಲಿಟ್ಟೆ.

ನಿನ್ನೆ ಹಬ್ಬ. ಎಲ್ಲರೂ ಪೊಟ್ಟಣ ಬಿಚ್ಚಿದರು. ಒಬ್ಬನಿಗೆ ಲೋಟ, ಬೋಳುತಲೆಯ ಮೇಸ್ತ್ರಿಗೆ ಬಾಚಣಿಗೆ! ನನಗೆ ಕಾಲುಚೀಲ. “ಇಡುಗಂಟು ಎಲ್ಲೋ?” ಅಂದರೆ ಡ್ರೈವರ್ ಹಣೆ ಚಚ್ಚಿಕೊಂಡ. “ಅಯ್ಯೋ ಅಣ್ಣಾ, ಇದು ದುಡ್ಡಿನ ಚೀಟಿ ಅಲ್ಲ, ಉಡುಗೊರೆ ಚೀಟಿ!” ಅಷ್ಟರಲ್ಲಿ ಅಜ್ಜಿ ಕವರು ಬಿಚ್ಚಿ, ಎಣಿಸಿ, ನಂಬದೆ ಮತ್ತೆ ಎಣಿಸಿ, ಪೊರಕೆಯ ಪಕ್ಕ ಕೂತೇಬಿಟ್ಟಳು. ದೂರದ ಊರಿನ ಮಗಳನ್ನು ನೋಡಿ ವರ್ಷಗಳಾದವಂತೆ, ಹೋಗಿಬರುವ ಖರ್ಚಿಗೆ ಇದು ಸಾಕಂತೆ. ಯಾರು ಕೊಟ್ಟಿರಪ್ಪಾ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ವಾಪಸು ಕೇಳಲು ನಾಲಿಗೆ ಏಳಲಿಲ್ಲ. ಕೊಟ್ಟವನು ನಾನೇ ಎನ್ನೋಣವೆಂದರೆ ಹಬ್ಬದ ಕಟ್ಟಳೆ ಅಡ್ಡ! ಜಂಬ ಕೊಚ್ಚಲು ಇಷ್ಟು ದೊಡ್ಡ ವಿಷಯ ಸಿಕ್ಕಿಯೂ ತುಟಿ ಹೊಲಿದುಕೊಂಡು ಕೂತೆನಲ್ಲ ಗುಬ್ಬೀ, ಇದು ಕರ್ಣನ ಕೈಲೂ ಆಗುತ್ತಿರಲಿಲ್ಲ. ಆದರೂ ಎದೆ ಯಾಕೋ ಹಗುರಾಗಿದೆ. ಕಾಲುಚೀಲವೂ ಬೆಚ್ಚಗಿದೆ.

ಅಕ್ಕ ಭಾವನಿಗೆ ನಮಸ್ಕಾರ. ನಿನ್ನ ಬೆರಳಿಗೆ ಸೂಜಿ ಚುಚ್ಚದಿರಲಿ ಎಂದು ಹರಸುವ,

ನಿನ್ನ ಸೋದರಮಾವ

ತಾ.ಕ.: ಅಂಚೆಗೆ ಹೊತ್ತಾಯಿತು. ಅಕ್ಕನಿಗೆ ಐನೂರು ಅಂತಲೇ ಓದಿ ಹೇಳು. ನಿನ್ನ ಹತ್ತಿರ ಯಾಕೆ ಸುಳ್ಳು? ಮಿಷನ್ ಇನ್ನು ಬರುವ ವರ್ಷಕ್ಕೆ, ಅಲ್ಲಿಯವರೆಗೆ ಕೈಹೊಲಿಗೆಯೇ ಗತಿ, ಬೇಕಾದಷ್ಟು ಬೈದುಕೋ. ಕವರಿನಲ್ಲಿದ್ದದ್ದು ಹದಿನೆಂಟು ಸಾವಿರ.